ಅರಳೆಯ ಮುಂದೆ ಊದಬಾರದು

ನಮ್ಮ ಭಾವ ಊರಿಗೆಲ್ಲ ನಿದ್ದೆ ಹೊಲಿದುಕೊಟ್ಟವರು. ಅವರು ಮಾತ್ರ ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತಿರುತ್ತಾರೆ. ಮಲಗಿದರೆ ಕೆಮ್ಮು ಎಬ್ಬಿಸಿ ಕೂರಿಸುತ್ತದೆ. ಇದನ್ನು ಹೇಳಿದರೆ ಜನ ಅವರನ್ನು ನೋಡಿ ‘ಅಯ್ಯೋ ಪಾಪ’ ಎನ್ನುತ್ತಾರೆ, ನನಗೆ ಮೈ ಉರಿಯುತ್ತದೆ. ಪಾಪ ಎನ್ನಬೇಕಾದ್ದು ನನ್ನ ಅಕ್ಕನನ್ನು ನೋಡಿ. ಭಾವ ಕುರ್ಚಿಯಲ್ಲಾದರೂ ಒಂದಿಷ್ಟು ತೂಕಡಿಸುತ್ತಾರೆ. ಅಕ್ಕ ಆ ಕುರ್ಚಿಯ ಪಕ್ಕ ಚಾಪೆ ಹಾಕಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಗಂಡನ ಉಸಿರು ಕೇಳುತ್ತ ಕೂತಿರುತ್ತಾಳೆ. ಕೆಮ್ಮಿದರೆ ಅವಳಿಗೆ ಸಮಾಧಾನ, ಕೆಮ್ಮು ನಿಂತರೆ ಗಾಬರಿ. ಮೊನ್ನೆಮೊನ್ನೆಯ ತನಕ ಎರಡು ವರ್ಷ ಇದೇ ಕತೆ.

ಭಾವನ ಕಸುಬು ಹಾಸಿಗೆ ಮಾಡುವುದು. ನಾನು ಅಂಗಡಿಯ ಮೂಲೆಯಲ್ಲಿ ಮಿಷನ್ ಹಾಕಿಕೊಂಡು ಹಾಸಿಗೆಗೂ ದಿಂಬಿಗೂ ಗವಸು ಹೊಲಿಯುತ್ತೇನೆ. ನನ್ನ ನಾಲಿಗೆ ಸ್ವಲ್ಪ ಚೂಪು ಎಂದು ಭಾವ ನನಗೆ ‘ಸೂಜಿ’ ಎಂದು ಹೆಸರಿಟ್ಟಿದ್ದಾರೆ. ಅಕ್ಕನನ್ನು ಮದುವೆಯಾದ ವರ್ಷ ಇಟ್ಟ ಹೆಸರು, ಈಗ ಗಿರಾಕಿಗಳೂ ಹಾಗೇ ಕರೆಯುತ್ತಾರೆ. ಕರೆಯಲಿ ಬಿಡಿ. ಸೂಜಿ ಇಲ್ಲದೆ ಯಾವ ಹಾಸಿಗೆ ಆಗುತ್ತದೆ?

ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ, ನಡುವೆ ಒಂದು ಬಾಗಿಲು. ಅಂಗಡಿಯ ಗೋಡೆಯಲ್ಲಿ ಎತ್ತರಕ್ಕೆ ಒಂದೇ ಒಂದು ಕಿಟಕಿ. ಮಧ್ಯಾಹ್ನದ ಬಿಸಿಲು ಅಲ್ಲಿಂದ ಓರೆಯಾಗಿ ಇಳಿಯುವ ಹೊತ್ತಿಗೆ ಭಾವ ಹತ್ತಿ ಹಿಂಜುವ ಬಿಲ್ಲು ಹಿಡಿದು ಕೂರುತ್ತಿದ್ದರು. ಮರದ ಕೊಡತಿಯಿಂದ ತಂತಿಗೆ ಬಡಿದರೆ ಟುಂಯ್ ಎಂದು ಒಂದು ಸದ್ದು. ಗಂಟುಗಟ್ಟಿದ್ದ ಹತ್ತಿ ಬಿಚ್ಚಿಕೊಂಡು, ಅರಳೆಯಾಗಿ ಮೇಲಕ್ಕೇಳುತ್ತಿತ್ತು. ಬಿಸಿಲಿನ ಪಟ್ಟಿಯೊಳಗೆ ಎಳೆಗಳು ಯಾವ ಆತುರವೂ ಇಲ್ಲದೆ ಏರುತ್ತಿದ್ದವು, ಇಳಿಯುತ್ತಿದ್ದವು. ಆ ಸದ್ದಿಗೂ ಆ ಬೆಳಕಿಗೂ ಮಿಷನ್ ತುಳಿಯುತ್ತಲೇ ನನಗೆ ಜೊಂಪು ಹತ್ತುತ್ತಿತ್ತು. ಅಳತೆ ಕೊಡಲು ಬಂದವರು ಸ್ಟೂಲಿನ ಮೇಲೆ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದರು.

“ನೋಡೇ ಸೂಜಿ,” ಎಂದು ಭಾವ ಪಿಸುಗುಡುತ್ತಿದ್ದರು, “ಇನ್ನೂ ಹಾಸಿಗೆನೇ ಆಗಿಲ್ಲ, ಇವರು ಆಗಲೇ ಮಲಗಿಬಿಟ್ರು.”

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಲೋಕ ಹೇಳುತ್ತದಲ್ಲ, ಭಾವನಿಗೆ ಆ ಗಾದೆ ಕಂಡರೆ ಆಗುತ್ತಿರಲಿಲ್ಲ. ಕಾಲು ಇದ್ದಷ್ಟು ಹಾಸಿಗೆ ಮಾಡೋದಕ್ಕೆ ತಾನೇ ನಾನಿರೋದು, ಎನ್ನುತ್ತಿದ್ದರು. ಹಳೇ ಹಾಸಿಗೆಯನ್ನು ಬಿಚ್ಚಿ ಮತ್ತೆ ತುಂಬಲು ತಂದರೆ ಅಂಗೈಯಲ್ಲಿ ಸವರಿ, ತಗ್ಗು ಎಲ್ಲಿದೆ ನೋಡಿ, ಮಲಗುವವರ ಜಾತಕವನ್ನೇ ಹೇಳಿಬಿಡುವರು. ಈತ ಬಲ ಮಗ್ಗುಲು. ಈಕೆ ಅಂಚಿಗೆ ಮುದುಡಿಕೊಳ್ಳುತ್ತಾಳೆ, ಜಗಳ ಆಗಿರಬೇಕು. ಈ ಮಗು ಅಡ್ಡಡ್ಡ ಮಲಗಿ ಅಪ್ಪನಿಗೆ ಒದೆಯುತ್ತೆ. ಹೇಳಿದ್ದು ಬಹುಪಾಲು ನಿಜವಾಗುತ್ತಿತ್ತು, ಗಿರಾಕಿಗಳು ನಾಚಿಕೊಂಡು ನಗುತ್ತಿದ್ದರು.

ನಮ್ಮ ಮನೆಯಲ್ಲಿ ಕಟ್ಟುನಿಟ್ಟಾದ ನಿಯಮ ಒಂದೇ: ಅರಳೆಯ ಮುಂದೆ ಊದಬಾರದು. ಒಂದು ಜೋರು ಉಸಿರು ಸಾಕು, ಅರ್ಧ ದಿನ ಹಿಂಜಿದ್ದು ಬೀದಿ ಪಾಲು. ಭಾವನ ಅಪ್ಪ ಇದನ್ನು ಮಗನಿಗೆ ಮಾತು ಬರುವ ಮೊದಲೇ ಕಲಿಸಿದ್ದರಂತೆ, ಅದೂ ತಲೆಗೆ ಮೊಟಕಿ ಮೊಟಕಿ. ಅರಳೆಯನ್ನು ಪದರ ಪದರವಾಗಿ ಹರಡುವಾಗ ಉಸಿರು ಹಿಡಿಯಬೇಕು. ಬಿಡಬೇಕೆನಿಸಿದರೆ ಮುಖವನ್ನು ಬಲ ಹೆಗಲ ಕಡೆ ತಿರುಗಿಸಿ, ತುಟಿಯ ಕೊನೆಯಿಂದ ದಾರದಷ್ಟು ಸಣ್ಣಗೆ ಬಿಟ್ಟು, ಮತ್ತೆ ಕೆಲಸಕ್ಕೆ ತಿರುಗಬೇಕು. ಸೀನು ಬಂದರೆ ಬೀದಿಗೆ ಓಡಬೇಕು. ಎಂಥ ಸೆಕೆಯಾದರೂ ಫ್ಯಾನು ಇಲ್ಲ. ಬಿಸಿ ಟೀಯನ್ನು ಕೂಡ ನಾವು ಯಾರೂ ಊದಿ ಕುಡಿಯುವವರಲ್ಲ. ಅಗಲ ಬಟ್ಟಲಿಗೆ ಸುರಿದುಕೊಂಡು ಆರುವ ತನಕ ಕಾಯುತ್ತೇವೆ.

ಇಷ್ಟು ಜೋಪಾನ ಮಾಡಿದ ಉಸಿರೇ ಕೈಕೊಟ್ಟಿತು. ಮೊದಮೊದಲು ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಒಣಕೆಮ್ಮು, ಆಮೇಲೆ ಚಪ್ಪಲಿ ಹಾಕಿಕೊಂಡರೂ ದಣಿವು. ಶ್ವಾಸಕೋಶದ ಡಾಕ್ಟರು ಫೋಟೋ ತೆಗೆಸಿ ತೋರಿಸಿದರು. ಗಾಯ ಮಾಯ್ದ ಜಾಗದಲ್ಲಿ ಚರ್ಮ ಗಡುಸಾಗುವುದಿಲ್ಲವೇ, ಹಾಗೆ ಒಳಗೆಲ್ಲ ಗಡುಸಾಗುತ್ತಿದೆಯಂತೆ. ಧೂಳಿನಿಂದಲೋ ಇನ್ನೊಂದರಿಂದಲೋ ಖಚಿತವಾಗಿ ಹೇಳಲಾಗದು, ಹಿಂದಕ್ಕೆ ತರಲಾಗದು, ಮಾತ್ರೆಯಿಂದ ಸ್ವಲ್ಪ ನಿಧಾನ ಮಾಡಬಹುದು, ಅಂಗಡಿಯೊಳಗೆ ಮಾತ್ರ ಇನ್ನು ಕಾಲಿಡಬೇಡಿ ಎಂದರು. ಅಕ್ಕ ಬಿಲ್ಲು ಹಿಡಿದಳು. ನಡುವಿನ ಬಾಗಿಲಿಗೆ ಒದ್ದೆ ಪರದೆ ಬಿತ್ತು. ಭಾವನಿಗೆ ರಸ್ತೆಯಾಚೆ ಔಷಧಿ ಅಂಗಡಿಯ ಮುಂದಿನ ಬೆಂಚೇ ಗತಿಯಾಯಿತು. ಅಲ್ಲಿ ಕೂತು ಕೈಸನ್ನೆಯಲ್ಲೇ ನಮ್ಮ ಮೇಲೆ ದರ್ಬಾರು ನಡೆಸುತ್ತಿದ್ದರು: ಮೂಲೆಗೆ ಇನ್ನೊಂದು ಹಿಡಿ ಹಾಕು, ದಬ್ಬಳ ಓರೆ ಹೋಗ್ತಿದೆ, ಬಿಚ್ಚು.

ಒಂದು ಸಂಜೆ ಟೀ ಕೊಡಲು ಹೋದಾಗ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

“ಒಂದೇ ಕನಸು ಮತ್ತೆ ಮತ್ತೆ ಬೀಳ್ತಿದೆ ಕಣೇ. ನಾನು ಮಾಡಿದ ಹಾಸಿಗೆಗಳೆಲ್ಲ ಕಿಟಕಿಯಿಂದ ಹೊರಗೆ ಬಂದು ತೇಲ್ಕೊಂಡು ಹೋಗ್ತಿವೆ. ಮೇಲೆ ಜನ ಹಾಯಾಗಿ ಮಲಗಿದಾರೆ. ಅಂಚೆಯವನು, ಬೇಕರಿಯವನ ಹೆಂಡ್ತಿ, ಆ ಒದೆಯೋ ಮಗು, ಎಲ್ಲರೂ. ಕೊನೇಲಿ ಒಂದು ಹಾಸಿಗೆ ಬರತ್ತೆ, ಅದರ ಮೇಲೆ ಯಾರೂ ಇಲ್ಲ. ಗವಸು ನೋಡಿದ್ರೆ ನಮ್ಮನೇದು.”

ನಾನು ಟೀಯನ್ನು ಬಟ್ಟಲಿಗೆ ಸುರಿದು ಅವರ ಕೈಗೆ ಕೊಟ್ಟೆ.

“ನಂಗೇನಾದ್ರೂ ಆಗ್ಲಿ, ಆಯಸ್ಸು ಇದ್ದಷ್ಟು ಇರ್ತೀನಿ. ನಿಮ್ಮಕ್ಕ ಮಲಗ್ಬೇಕು. ನನ್ನ ಉಸಿರು ಕಾಯೋಕೆ ಇವಳೊಬ್ಬಳೇ ಯಾಕೆ, ಬೇರೆ ಯಾರೂ ಇಲ್ವಾ ಈ ಲೋಕದಲ್ಲಿ?”

ಒಳಗೆ ಡಬ್ಬಿಗಳನ್ನು ಜೋಡಿಸುತ್ತಿದ್ದ ಔಷಧಿ ಅಂಗಡಿಯವನ ಕಿವಿಗೆ ಇದು ಬಿತ್ತು. ನಾವು ಅವನನ್ನು ಮಾತ್ರೆಯಣ್ಣ ಎನ್ನುತ್ತೇವೆ. ಹೊರಗೆ ಬಂದು, ಕನ್ನಡಕ ಹಣೆಗೇರಿಸಿ ಹೇಳಿದ: “ಇದೇ ಕಾಯಿಲೆಗೆ ಹೊಸ ಔಷಧಿಗಳನ್ನ ಪರೀಕ್ಷೆ ಮಾಡ್ತಾ ಇರ್ತಾರೆ. ಟ್ರಯಲ್ ಅಂತಾರೆ. ಸೇರಿದವರನ್ನ ಬಿಡದೆ ನೋಡ್ಕೋತಾರೆ. ಎಲ್ಲೆಲ್ಲಿ ನಡೀತಿದೆ ಅಂತ ಯಾರು ಬೇಕಾದ್ರೂ ಫೋನಲ್ಲೇ ಹುಡುಕಬಹುದು. ನೋಡೋಣ್ವಾ?”

ಟ್ರಯಲ್ ಎಂದರೆ ನನಗೆ ಗೊತ್ತಿದ್ದದ್ದು ಹೊಲಿಗೆ ಮುಗಿಸುವ ಮೊದಲು ಗವಸು ತೊಡಿಸಿ ನೋಡುವುದು. ಮನುಷ್ಯರ ಮೇಲೂ ಅದನ್ನು ಮಾಡುತ್ತಾರೆಂದು ಆವತ್ತೇ ಕೇಳಿದ್ದು. ಮಾತ್ರೆಯಣ್ಣ ಮಾತ್ರ ಗಂಡಿಗೆ ಸಂಬಂಧ ಹುಡುಕುವ ದಲ್ಲಾಳಿಯ ಹಾಗೆ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಒಂದು ಕಡೆ ವಯಸ್ಸು ಜಾಸ್ತಿಯಾಯಿತು ಎಂದರು. ಇನ್ನೊಂದು ಕಡೆ ಈಗಿರುವ ಮಾತ್ರೆ ಬಿಟ್ಟು ಬನ್ನಿ ಎಂದರು, ಡಾಕ್ಟರು ಬೇಡವೆಂದರು. ಮತ್ತೊಂದು ಸಮುದ್ರದಾಚೆ. ಮತ್ತೊಂದಕ್ಕೆ ಎಲ್ಲ ಕೂಡಿಬಂತು, ಫೋನು ಮಾಡಿದರೆ ಜಾಗ ಮುಗಿದಿದೆಯಂತೆ.

“ನನ್ನ ಮದುವೆಗೂ ಇಷ್ಟು ಕಷ್ಟ ಆಗಿರಲಿಲ್ಲ,” ಎಂದರು ಭಾವ.

“ಆಗ ನಮ್ಮಪ್ಪನಿಗೆ ಕಣ್ಣು ಮಂಜಾಗಿತ್ತು,” ಎಂದೆ ನಾನು.

ಕೊನೆಗೂ ಒಂದು ಸಿಕ್ಕಿತು. ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸು ಬರಬಹುದಾದ ದೊಡ್ಡ ಆಸ್ಪತ್ರೆ. ನಮ್ಮ ಡಾಕ್ಟರು ಎಲ್ಲ ಓದಿ ನೋಡಿ, ಹೋಗಿ ಬನ್ನಿ ಎಂದರು. ಮೂವರೂ ಹೋದೆವು.

ಪ್ರಯೋಗದ ನರ್ಸು ನಡುವಯಸ್ಸಿನವಳು, ಮಾತು ನಿಧಾನ. ನಮ್ಮನ್ನು ಕೂರಿಸಿಕೊಂಡು, ಬಾಗಿಲು ಹಾಕಿ, ಒಂದೊಂದಾಗಿ ಬಿಡಿಸಿ ಹೇಳಿದಳು. “ವಾಸಿಯಾಗತ್ತೆ ಅಂತ ನಾನು ಮಾತು ಕೊಡಲ್ಲ. ತೊಂದರೆಗಳೂ ಆಗಬಹುದು, ಹೊಟ್ಟೆ ಕೆಡಬಹುದು, ಸುಸ್ತಾಗಬಹುದು. ಸೇರಿದವರಲ್ಲಿ ಅರ್ಧ ಜನಕ್ಕೆ ಹೊಸ ಔಷಧಿ. ಇನ್ನರ್ಧ ಜನಕ್ಕೆ ನೋಡೋಕೆ ಹಾಗೇ ಇರೋ ಮಾತ್ರೆ, ಒಳಗೆ ಔಷಧಿ ಇರಲ್ಲ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ಡಾಕ್ಟರಿಗೂ ಗೊತ್ತಿರಲ್ಲ. ಈಗ ತಗೊಳ್ತಿರೋ ಮಾತ್ರೆ ನಿಲ್ಲಿಸ್ಬೇಕಾಗಿಲ್ಲ. ಬೇಡ ಅನಿಸಿದ ದಿನ ಬಿಡಬಹುದು.”

ನನಗೆ ಮೂಗಿನ ತುದಿಯಲ್ಲೇ ಕೋಪ. “ಖಾಲಿ ಮಾತ್ರೆ ನುಂಗೋಕೆ ಇಷ್ಟು ದೂರ ಬರಬೇಕಿತ್ತಾ?” ಎಂದುಬಿಟ್ಟೆ.

“ಸುಮ್ನಿರೇ ಸೂಜಿ,” ಎಂದರು ಭಾವ. “ಹಾಸಿಗೆ ಒಳಗೆ ಏನು ತುಂಬಿದೀನಿ ಅಂತ ಯಾವ ಗಿರಾಕಿ ಬಿಚ್ಚಿ ನೋಡಿದಾನೆ? ನಂಬಿ ಮಲಗ್ತಾರೆ. ನಾನೂ ನಂಬ್ತೀನಿ.” ಆಮೇಲೆ ನರ್ಸಿನ ಕಡೆ ವಾಲಿದರು. “ಒಂದು ಕೇಳ್ತೀನಮ್ಮ. ಮಾತ್ರೆ ಯಾವುದಾದ್ರೂ ಸಿಗಲಿ. ನನ್ನ ಉಸಿರು ನೋಡ್ಕೊಳ್ಳೋರು ಯಾರು?”

“ನಾವೇ,” ಎಂದಳು ಅವಳು. “ಮಲಗೋವಾಗ ಬೆರಳಿಗೆ ಹಾಕ್ಕೊಳ್ಳೋಕೆ ಒಂದು ಚಿಕ್ಕ ಕ್ಲಿಪ್ ಕೊಡ್ತೀವಿ. ಆಮ್ಲಜನಕ ತೀರಾ ಇಳಿದ್ರೆ ಅದು ಕೂಗಿ ಎಬ್ಬಿಸತ್ತೆ. ರಾತ್ರಿ ಹೇಗಿತ್ತು ಅನ್ನೋದು ನಮಗೂ ಬರತ್ತೆ, ಬೆಳಗ್ಗೆ ನಾನೇ ನೋಡ್ತೀನಿ. ಒಂದು ನಂಬರ್ ಕೊಡ್ತೀನಿ, ಯಾವ ಹೊತ್ತಲ್ಲಿ ಮಾಡಿದ್ರೂ ಯಾರಾದ್ರೂ ಎತ್ತುತಾರೆ.”

ಭಾವ ಅಕ್ಕನ ಕಡೆ ತಿರುಗಿ, “ಕೇಳಿಸ್ಕೊಂಡ್ಯಾ?” ಎಂದರು. ಅಕ್ಕ ತಲೆಯಾಡಿಸಿದಳು. ಅವಳ ಕಣ್ಣುಗಳ ಸುತ್ತ ಕಪ್ಪು ಎಷ್ಟು ಕಟ್ಟಿತ್ತೆಂದು ಆ ಕೋಣೆಯ ಬಿಳಿ ಬೆಳಕಿನಲ್ಲಿ ನನಗೆ ಮೊದಲ ಸಲ ಸರಿಯಾಗಿ ಕಂಡಿತು. ಭಾವ ಸಹಿ ಹಾಕಿದರು.

ಉಳಿದದ್ದು ಊದುವ ಪರೀಕ್ಷೆ. ಮೂಗಿಗೆ ಚಿಮುಟ ಸಿಕ್ಕಿಸಿ, ಬಾಯಿಗೆ ಕೊಳವೆ ಕೊಟ್ಟು, ಎದೆ ತುಂಬ ಉಸಿರು ಎಳೆದು ಒಂದೇ ಸಮನೆ ಜೋರಾಗಿ ಊದಿಸುತ್ತಾರೆ. ಇರಬೇಕಾದ ಉಸಿರಿನಲ್ಲಿ ಅರ್ಧವಾದರೂ ಇದ್ದರೆ ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತಾರೆ. ಗಾಜಿನಾಚೆ ನಿಂತು ನೋಡಿದೆ. ಊದಿಸುವಾಕೆ ಕೈ ಬೀಸಿ ಬೀಸಿ, “ಊದಿ, ಊದಿ, ಇನ್ನೂ, ಇನ್ನೂ!” ಎಂದು ಕೂಗುತ್ತಿದ್ದಾಳೆ. ಭಾವ ಎದೆ ಉಬ್ಬಿಸಿ ಎಳೆದುಕೊಂಡರು. ಆಮೇಲೆ ಅವರ ಮುಖ ಮೆಲ್ಲಗೆ ಬಲ ಹೆಗಲ ಕಡೆ ತಿರುಗಿತು, ಕೊಳವೆ ತುಟಿಯಿಂದ ಜಾರಿತು. ಮತ್ತೆ ಕೊಟ್ಟರು, ಮತ್ತೆ ಹಾಗೇ ಆಯಿತು. ಆಕೆ ಗದ್ದ ಹಿಡಿದು ನೇರ ಮಾಡಿದರೆ ಉಸಿರು ದಾರದಷ್ಟೇ ಬಂತು. ಪರದೆಯ ಮೇಲೆ ಗೆರೆ ಏಳಲೇ ಇಲ್ಲ.

ಪ್ರಯೋಗದ ಡಾಕ್ಟರು ಒಳ್ಳೆಯ ಮನುಷ್ಯ, ಬೈಯಲಿಲ್ಲ. “ಇದನ್ನ ಲೆಕ್ಕಕ್ಕೆ ತಗೊಳ್ಳೋಕಾಗಲ್ಲ. ಒಳಗೆ ಎಷ್ಟಿದೆ ಅಂತ ಗೊತ್ತಾಗದೆ ಸೇರಿಸ್ಕೊಳ್ಳೋ ಹಾಗೂ ಇಲ್ಲ. ಮುಂದಿನ ವಾರ ಇನ್ನೊಂದು ಸಲ ಬನ್ನಿ. ಆಗಲೂ ಆಗದಿದ್ರೆ ನಾನು ಏನೂ ಮಾಡೋ ಹಾಗಿಲ್ಲ,” ಎಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಬಸ್ಸಿನಲ್ಲಿ ನಾನು ಗೊಣಗುತ್ತಲೇ ಇದ್ದೆ. ಭಾವ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು. ಅಕ್ಕ ಅವರ ಎದೆಯ ಏರಿಳಿತವನ್ನೇ ನೋಡುತ್ತಿದ್ದಳು.

ಮಾರನೇ ದಿನದಿಂದ ನಾನು ಮೇಷ್ಟ್ರಾದೆ. ಹಿಂದಿನ ಕೋಣೆಯಲ್ಲಿ ಭಾವನನ್ನು ಕೂರಿಸಿ ಬಲೂನು ಕೊಟ್ಟೆ. ಬಲೂನು ನಾಲಿಗೆ ಇಳಿಬಿಟ್ಟ ಹಾಗೆ ಜೋತು ನಿಂತಿತು. ಮೇಣದಬತ್ತಿ ಹಚ್ಚಿಟ್ಟೆ. ಅದು ಅವರನ್ನೇ ನೋಡುತ್ತ ಉರಿಯಿತು. ಎರಡು ದಿನ ನೋಡಿದೆ, ಮೂರನೇ ದಿನ ತಡೆಯಲಾಗಲಿಲ್ಲ.

“ನೀವು ಬೇಕಂತಲೇ ಊದ್ತಾ ಇಲ್ಲ! ಅಕ್ಕ ಮಲಗ್ಬೇಕು ಅಂತ ಬಾಯಲ್ಲಿ ಹೇಳಿದ್ರೆ ಆಯ್ತಾ?”

ಭಾವನ ಮುಖ ಸಪ್ಪಗಾಯಿತು. “ಹಾಗನ್ನಬೇಡ ಕಣೇ. ಒಳಗೆ ಇದೆ. ಬಾಯಿ ತನಕ ಬರತ್ತೆ, ಬಂದು ನಿಂತುಬಿಡತ್ತೆ. ಯಾಕೋ ನಂಗೇ ಗೊತ್ತಾಗ್ತಿಲ್ಲ.”

ಅಕ್ಕ ಅಲ್ಲೇ ಟೀಯನ್ನು ಅಗಲ ಬಟ್ಟಲಿಗೆ ಸುರಿಯುತ್ತಿದ್ದಳು. ಸುರಿಯುವುದನ್ನು ಅರ್ಧಕ್ಕೆ ನಿಲ್ಲಿಸಿ ಬಟ್ಟಲನ್ನು ನೋಡಿದಳು. ಗಂಡನನ್ನು ನೋಡಿದಳು. ಪರದೆಯಾಚೆ ಅಂಗಡಿಯಲ್ಲಿ ಗುಡ್ಡೆ ಹಾಕಿದ್ದ ಅರಳೆಯ ಕಡೆ ನೋಡಿದಳು.

“ಇವರಿಗೆ ಊದೋಕೆ ಬರಲ್ಲ ಕಣೇ,” ಎಂದಳು ಮೆಲ್ಲಗೆ. “ಹುಟ್ಟಿದಾಗಿನಿಂದ ಯಾರು ಊದೋಕೆ ಬಿಟ್ಟಿದಾರೆ?”

ಗಾಜಿನಾಚೆ ಕಂಡ ಆ ಮುಖ ನೆನಪಾಯಿತು, ಬಲ ಹೆಗಲ ಕಡೆ ತಿರುಗಿದ್ದು, ತುಟಿಯ ಕೊನೆಯಿಂದ ಉಸಿರು ಸಣ್ಣಗೆ ಬಿಟ್ಟದ್ದು. ಥೂ ನನ್ನ! ದಿನವೂ ಅದನ್ನೇ ಮಾಡುವವಳಿಗೆ ಹೊಳೆಯಲಿಲ್ಲವಲ್ಲ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಎನ್ನುತ್ತಾರೆ, ಇದು ತಲೆಗೆ ಮೊಟಕಿ ಕಲಿಸಿದ ಗುಣ, ಆದರೂ ಅಷ್ಟೇ ಗಟ್ಟಿಯಾಗಿ ಕೂತಿತ್ತು.

ಅಕ್ಕ ಒಂದು ಹಿಡಿ ಅರಳೆ ತೆಗೆದುಕೊಂಡು ತಾರಸಿಯ ಮೆಟ್ಟಿಲು ಹತ್ತಿದಳು. “ನಿಂಗೇನು ತಲೆ ಕೆಟ್ಟಿದೆಯಾ, ಡಾಕ್ಟರು ಏನಂದಿದಾರೆ?” ಎಂದು ಕೂಗುತ್ತ ನಾನೂ ಹಿಂದೆ ಹೋದೆ. ಭಾವ ಮೆಟ್ಟಿಲಿಗೊಮ್ಮೆ ನಿಂತು ನಿಂತು ಬಂದರು. ಮೇಲೆ ಸಂಜೆ ಬಿಸಿಲು, ಗಾಳಿ ನಮ್ಮ ಬೆನ್ನ ಹಿಂದಿನಿಂದ ರಸ್ತೆಯ ಕಡೆ ಬೀಸುತ್ತಿತ್ತು. ಅಕ್ಕ ಅದನ್ನು ನೋಡಿಕೊಂಡೇ ಗಂಡನನ್ನು ನಿಲ್ಲಿಸಿದಳು. ಅರಳೆಯನ್ನು ತನ್ನ ಅಂಗೈಯಲ್ಲಿಟ್ಟು ಕೈಯನ್ನು ಆದಷ್ಟು ದೂರ ಚಾಚಿ ಹಿಡಿದಳು.

“ರೀ, ಊದಿ.”

“ಏಯ್, ಹೋಗತ್ತೆ ಕಣೇ ಅದು!”

“ಹೋಗಲಿ ಬಿಡಿ.”

ಭಾವ ಉಸಿರು ಎಳೆದುಕೊಂಡರು. ಮುಖ ಬಲಕ್ಕೆ ತಿರುಗಿತು. ಅಕ್ಕ ಇನ್ನೊಂದು ಕೈಯಿಂದ ಅವರ ಕೆನ್ನೆ ಹಿಡಿದು ನೇರ ಮಾಡಿದಳು. “ನಿಮ್ಮಪ್ಪ ಇಲ್ಲಿಲ್ಲ. ಯಾರೂ ಮೊಟಕಲ್ಲ. ಊದಿ.” ಎರಡನೇ ಸಲ ಒಂದೆರಡು ಎಳೆ ಅಲುಗಿದವು. ಮೂರನೇ ಸಲ ಭಾವ ಕಣ್ಣು ಮುಚ್ಚಿಕೊಂಡರು, ಎಲ್ಲಿಂದಲೋ ಒಂದು ಉಸಿರು ಬಂತು, ಹಿಡಿ ಅರಳೆಯೂ ಅಂಗೈ ಬಿಟ್ಟು ಹಾರಿತು.

ಅದು ಎದ್ದು ಹೋದ ಚಂದ ಏನು ಹೇಳಲಿ! ಎಳೆ ಎಳೆಯಾಗಿ ಬಿಚ್ಚಿಕೊಂಡು ರಸ್ತೆಯ ಮೇಲೆ ತೇಲಿತು. ಬಿಸಿಲು ಬಿದ್ದ ಕಡೆ ಹೊಳೆಯಿತು, ನೆರಳಿಗೆ ಬಂದ ಕಡೆ ಮರೆಯಾಯಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಅಂಚೆಯವನು ಕಾಲೂರಿ ನಿಂತು ಮೇಲೆ ನೋಡಿದ. ಮಾತ್ರೆಯಣ್ಣ ಅಂಗಡಿಯಿಂದ ಹೊರಬಂದು ಕನ್ನಡಕ ಹಣೆಗೇರಿಸಿದ. ಕೆಳಗೆ ರಸ್ತೆಯ ಸದ್ದೆಲ್ಲ ಒಂದು ಗಳಿಗೆ ದೂರ ಹೋದ ಹಾಗಾಯಿತು, ನಾವು ಮೂವರೂ ಭಾವನ ಕನಸಿನೊಳಗೆ ನಿಂತಂತೆ ನಿಂತಿದ್ದೆವು.

ಆಮೇಲೆ ಕೆಮ್ಮು ಬಂತು. ಭಾವ ನೀರಿನ ಟ್ಯಾಂಕಿಗೆ ಒರಗಿ ಕೂತು ಕೆಮ್ಮಿದರು, ನಕ್ಕರು, ಮತ್ತೆ ಕೆಮ್ಮಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ಅಪ್ಪ ನೋಡಿದ್ರೆ ಚರ್ಮ ಸುಲೀತಿದ್ದ,” ಎಂದರು. ನಾನು ಅತ್ತುಬಿಟ್ಟೆ. ನಾಚಿಕೆಯೇನು, ಗೊಳೋ ಎಂದು ಅತ್ತೆ.

ಅಕ್ಕ ಮತ್ತೆ ಅರಳೆ ಮುಟ್ಟಲು ಬಿಡಲಿಲ್ಲ, ಒಂದು ಸಲ ಸಾಕು ಎಂದಳು. ಉಳಿದ ದಿನ ಬಲೂನು. ಬಲೂನು ಉಬ್ಬತೊಡಗಿತು.

ವಾರ ಕಳೆದು ಹೋದೆವು. ಅಕ್ಕನನ್ನು ಹೊರಗೆ ಸಾಲು ಬೆಂಚಿನ ಮೇಲೆ ಕೂರಿಸಿ ನಾವಿಬ್ಬರು ಒಳಗೆ ನಡೆದೆವು. ಮೂಗಿಗೆ ಚಿಮುಟ, ಬಾಯಿಗೆ ಕೊಳವೆ. ಊದಿಸುವಾಕೆ ಕೈ ಬೀಸುವ ಮೊದಲೇ ಭಾವ ತಮ್ಮ ಕೈಯಿಂದ ತಮ್ಮ ಕೆನ್ನೆಯನ್ನು ಹಿಡಿದುಕೊಂಡರು, ಅಕ್ಕ ಹಿಡಿದ ಜಾಗದಲ್ಲೇ. ಊದಿದರು. ಪರದೆಯ ಮೇಲೆ ಗೆರೆ ಗುಡ್ಡದ ಹಾಗೆ ಎದ್ದು ಇಳಿಯಿತು. “ಇನ್ನೂ, ಇನ್ನೂ, ಬಿಡಬೇಡಿ!” ಎಂದು ಆಕೆಯ ಜೊತೆ ನಾನೂ ಗಾಜಿನಾಚೆಯಿಂದ ಕೂಗಿದೆ, ಯಾರೋ ಬಂದು ಗದರಿದರು. ಲೆಕ್ಕಕ್ಕೆ ಬರುವ ಹಾಗೆ ಮೂರು ಸಲ ಊದಿದ ಮೇಲೆ ಭಾವ ಬೆವೆತು ಕುರ್ಚಿಗೆ ಒರಗಿದರು.

ಡಾಕ್ಟರು ಪರದೆ ನೋಡಿದರು. “ಅರ್ಧದ ಗೆರೆ ದಾಟಿದೀರಿ. ಸ್ವಲ್ಪವೇ, ಆದ್ರೆ ದಾಟಿದೀರಿ. ಬೇರೆ ಪರೀಕ್ಷೆಗಳೆಲ್ಲ ಸರಿಯಾಗಿವೆ. ಸೇರಿಸ್ಕೊಂಡಿದೀವಿ,” ಎಂದರು. ಮಾತ್ರೆ ಮುಂದಿನ ವಾರದಿಂದ. ಬೆರಳಿನ ಕ್ಲಿಪ್ಪನ್ನು ನರ್ಸು ಅವತ್ತೇ ಕೊಟ್ಟಳು, ಹೇಗೆ ಹಾಕಬೇಕೆಂದು ತೋರಿಸಿದಳು. “ಇವತ್ತಿನಿಂದ ನಾನು ನೋಡ್ತಿರ್ತೀನಿ. ಹೊರಗೆ ಕೂತಿರೋ ನಿಮ್ಮ ಹೆಂಡತಿಗೂ ಹೇಳಿ ಬಂದೆ,” ಎಂದಳು.

ಅಕ್ಕನ ಮುಖ ನೋಡುವ ಆತುರಕ್ಕೆ ನಾನು ಮುಂದೆ ಓಡಿದೆ. ಓಡಿದವಳು ನಿಂತೆ.

ಅಕ್ಕ ಬೆಂಚಿನ ಮೇಲೆ ಮಲಗಿದ್ದಳು. ಕೂತವಳು ಹಾಗೇ ವಾಲಿರಬೇಕು. ಚೀಲ ಕೆಳಗೆ ಜಾರಿಬಿದ್ದಿತ್ತು, ಒಂದು ಚಪ್ಪಲಿ ಕಾಲಲ್ಲಿರಲಿಲ್ಲ, ಬಾಯಿ ಸ್ವಲ್ಪ ತೆರೆದಿತ್ತು. ಅವಳ ತಲೆಯ ಹತ್ತಿರವೇ ಗಾಲಿಗಾಡಿ ಗಡಗಡ ಹೋಗುತ್ತಿತ್ತು, ಒಬ್ಬ ಟೋಕನ್ ನಂಬರು ಕೂಗುತ್ತಿದ್ದ, ಯಾವುದೋ ಮಗು ಅಳುತ್ತಿತ್ತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡದ್ದು ಆವತ್ತು.

ಬಸ್ಸಿಗೆ ಹೊತ್ತಾಗಿತ್ತು. ಎಬ್ಬಿಸಲು ಕೈ ಚಾಚಿದೆ. ಹಿಂದಿನಿಂದ ಬಂದ ಭಾವ ನನ್ನ ಕೈ ಹಿಡಿದುಕೊಂಡರು.

ಅವರು ಅವಳನ್ನು ನೋಡುತ್ತಲೇ ನಿಂತರು. ಮದುವೆಯಾದಾಗಿನಿಂದ ಅಕ್ಕ ಎಲ್ಲರೂ ಮಲಗಿದ ಮೇಲೆ ಮಲಗಿದವಳು, ಯಾರೂ ಏಳುವ ಮೊದಲೇ ಎದ್ದವಳು.

“ಸೂಜಿ,” ಎಂದರು, ಸ್ವರವೇ ಇಲ್ಲದಷ್ಟು ಮೆಲ್ಲಗೆ. “ಇವಳು ಮಲಗೋದು ಎಡ ಮಗ್ಗುಲಿಗೆ. ಊರೋರದ್ದೆಲ್ಲ ಹೇಳ್ತಿದ್ದೆ, ಇದು ನಂಗೆ ಗೊತ್ತೇ ಇರಲಿಲ್ಲ ನೋಡು.”

ತಾವು ಹೊದ್ದಿದ್ದ ಶಾಲು ಮಡಿಸಿ ಅವಳ ತಲೆಯ ಕೆಳಗೆ ಇಡಲು ಬಗ್ಗಿದರು. ಬಗ್ಗಿದಾಗ ಅವರಿಗೆ ಉಸಿರು ಕಟ್ಟುತ್ತದೆ, ಕಟ್ಟಿತು. ಅವಳ ಮುಖದ ಅಷ್ಟು ಹತ್ತಿರ ಹೋದವರು ಮುಖವನ್ನು ಬಲ ಹೆಗಲ ಕಡೆ ತಿರುಗಿಸಿ, ತುಟಿಯ ಕೊನೆಯಿಂದ ಸಣ್ಣಗೆ ಉಸಿರು ಬಿಟ್ಟು, ಮತ್ತೆ ಅವಳ ಕಡೆ ತಿರುಗಿದರು. ಶಾಲು ಇಟ್ಟರು. ಅಕ್ಕನ ಹಣೆಯ ಮೇಲಿನ ಒಂದು ಕೂದಲೂ ಅಲುಗಲಿಲ್ಲ.

ಬಸ್ಸು ಹೋಯಿತು. ನಾವಿಬ್ಬರು ಎದುರು ಬೆಂಚಿನ ಮೇಲೆ ಕೂತು ಅವಳು ಏಳುವ ತನಕ ಕಾದೆವು.